ಏಳನೇ ಒರತೆಯ ಮೂವತ್ತೆಂಟು ಸೆಕೆಂಡು

ಸೋಮವಾರ ಬೆಳಿಗ್ಗೆ 9:40ಕ್ಕೆ ಗಣಿಯ ಕೆಳಗಿನ ಕಾಲೊನಿಯ ಟೈಲರ್ ಠಾಣೆಗೆ ಬಂದ. ಒಂದು ಕೈಯಲ್ಲಿ ಬಾಟಲಿ ನೀರು, ಇನ್ನೊಂದರಲ್ಲಿ ಗಣಿಯವರು ತಿಂಗಳಿಗೊಮ್ಮೆ ಕಾಲೊನಿಯ ಗೋಡೆಗೆ ಅಂಟಿಸುವ ನೀರಿನ ವರದಿ.

"ಏಳನೇ ಒರತೆ ನೀರು ಕುಡಿಯಲು ಯೋಗ್ಯ ಅಂತ ಬರೆದಿದೆ ಮೇಡಂ. ನಾನೇ ಓದಿ ಹೇಳಿದ್ದೆ, ಹೆಂಡತಿಗೆ. ಈಗ ಅವಳ ಎರಡೂ ಕಿಡ್ನಿ ಕೆಟ್ಟಿದೆ. ಇನ್ನೂ ಎಂಟು ಜನ ಆಸ್ಪತ್ರೇಲಿದಾರೆ. ಇದನ್ನ ಬರೆದವರು ಯಾರು ಅಂತ ನನಗೆ ಗೊತ್ತಾಗಬೇಕು."

ರವಿಕೆಯ ಅಳತೆ ಹೇಳುವಂತೆ ಹೇಳಿದ. ಇನ್ಸ್‌ಪೆಕ್ಟರ್ ಮೇಡಂ ಬಾಟಲಿಯನ್ನು ಬೆಳಕಿಗೆ ಹಿಡಿದರು. ನೀರು ಕನ್ನಡಿಯಂತಿತ್ತು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅವರ ಮನಸ್ಸು ಜಡ್ಡುಗಟ್ಟಿತ್ತು. ಅಯ್ಯೋ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. 10:05ಕ್ಕೆ ಎಫ್‌ಐಆರ್ ದಾಖಲಾಯಿತು.

ಸಮಯ ಬರೆದುಕೊಂಡವರು ಹೆಡ್ ಕಾನ್‌ಸ್ಟೇಬಲ್. ಸೀನಿದರೂ ಎಷ್ಟು ಗಂಟೆಗೆಂದು ಗುರುತು ಹಾಕುವ ಆಸಾಮಿ, ಠಾಣೆಯವರ ಬಾಯಲ್ಲಿ 'ಗಡಿಯಾರ'.

ಗುರುವಾರ ಪ್ರಯೋಗಾಲಯದ ವರದಿ ಬಂತು. ಏಳನೇ ಒರತೆಯಲ್ಲಿ ಆರ್ಸೆನಿಕ್ ವಿಷ, ಮಿತಿಗಿಂತ ಎಂಟು ಪಟ್ಟು. ಗಣಿಯ ಮ್ಯಾನೇಜರ್ ಮಾತ್ರ ಜಗ್ಗಲಿಲ್ಲ. "ನಮ್ಮ ಸುತ್ತ ಹನ್ನೊಂದು ಒರತೆ, ಮೂರು ಹಳ್ಳ. ಎಲ್ಲಾನೂ ತಿಂಗಳು ತಿಂಗಳು ಅಳೀತೀವಿ" ಎಂದು ರಿಜಿಸ್ಟರನ್ನು ಮೇಜಿನ ಮೇಲೆ ತಳ್ಳಿದ.

ಗಡಿಯಾರ ಒಂದು ಗಂಟೆ ಹತ್ತು ನಿಮಿಷ ಅದರಲ್ಲೇ ಮುಳುಗಿದ್ದರು.

"ಮೇಡಂ, ಬೇಸಿಗೆಗೆ ಎಲ್ಲಾ ಒರತೆ ಸೊರಗಿವೆ. ಏಳನೇದು ಮಾತ್ರ ಅಚ್ಚು ಹಾಕಿದ ಹಾಗಿದೆ. ಹತ್ತು ಲೀಟರ್ ಬಕೆಟ್ ತುಂಬೋಕೆ ಮೂವತ್ತೆಂಟು ಸೆಕೆಂಡು. ಒಂಬತ್ತು ತಿಂಗಳಿಂದ ಅದೇ. ನೀರಿನ ಪರೀಕ್ಷೇಲೂ ಆರು, ಏಳು ಅವಳಿ ಜವಳಿ."

ಶುಕ್ರವಾರ 11:15ಕ್ಕೆ ಇಬ್ಬರೂ ಪಂಚ ಸಾಕ್ಷಿಗಳ ಜೊತೆ ಏಳನೇ ಒರತೆಗೆ ಏರಿದರು. ಪಾಚಿಗಟ್ಟಿದ ಬಂಡೆ, ಬೆರಳು ದಪ್ಪದ ನೀರು. ಮೇಡಂ ಬಕೆಟ್ ಹಿಡಿದರು. ತುಂಬಿದಾಗ "ಸಾಕು" ಎಂದರು. ಗಡಿಯಾರ ಹೇಳಿದರು: ಎಪ್ಪತ್ತೊಂದು. ಮತ್ತೆ ಹಿಡಿದರೆ ಎಪ್ಪತ್ತಮೂರು. ಮೂರನೇ ಸಲ ಎಪ್ಪತ್ತು.

"ಒಂದೇ ದಿನ ಮೂರು ಸಲಕ್ಕೆ ಮೂರು ಥರ ಬಂತಲ್ರೀ," ಎಂದರು ಮೇಡಂ. ಪಂಚರ ಸಹಿ ಪಡೆದು ಮಹಜರು ಮುಗಿಸಿದರು.

ಗಣಿಯವರ ಪರವಾಗಿ ಒರತೆಗಳ ನೀರು ಅಳೆಯುವವನು ಮಧ್ಯಾಹ್ನ 3:30ಕ್ಕೆ ಕರೆಯದೆಯೇ ಠಾಣೆಗೆ ಬಂದು ಬೆಂಚಿನ ಮೇಲೆ ಕೂತಿದ್ದ.

"ಏಳನೇ ಬಾಟಲಿ ಎಲ್ಲಿ ತುಂಬ್ತಿದ್ದೆ?"

"ಆರನೇ ಒರತೇಲಿ ಮೇಡಂ. ಅಲ್ಲೇ ಎರಡು ತುಂಬ್ತಿದ್ದೆ."

"ಗಣಿಯವರು ಹೇಳಿದ್ರಾ?"

"ಇಲ್ಲ. ಜೊತೆಗೆ ಅಳೀತಿದ್ದ ನಮ್ಮ ಅಣ್ಣ ಹೋದ ಮೇಲೆ ಅವರು ಬದಲಿ ಆಳನ್ನೇ ಕೊಡಲಿಲ್ಲ, ಹೇಳೋದೆಲ್ಲಿಂದ ಬಂತು? ಮಿಕ್ಕ ಕಡೆ ಬಕೆಟ್ ಕಲ್ಲಿನ ಮೇಲಿಟ್ಟು, ಮೊಬೈಲಲ್ಲಿ ಟೈಮ್ ನೋಡಿ ಒಬ್ಬನೇ ಅಳೀತಿದ್ದೆ."

"ಏಳಕ್ಕೆ ಯಾಕೆ ಹೋಗಲಿಲ್ಲ?"

ಅವನು ಅಂಗೈ ನೋಡಿಕೊಂಡ. "ಹದಿನಾರು ವರ್ಷ ಅಣ್ಣ ಬಕೆಟ್ ಹಿಡಿದ, ನಾನು ಸ್ಟಾಪ್‌ವಾಚ್ ಒತ್ತಿದೆ. ಒಂಬತ್ತು ತಿಂಗಳ ಹಿಂದೆ ಒಂದಿನ ಏಳನೇದರಲ್ಲಿ 'ಸಾಕು ಕಣೋ' ಅಂದ. ಮೂವತ್ತೆಂಟು. ಬರೆದು ತಲೆ ಎತ್ತೋಷ್ಟರಲ್ಲಿ ಕಾಲು ಜಾರಿ ಬಿದ್ದಿದ್ದ. ತಲೆ ಬಂಡೆಗೆ ಬಡಿದಿತ್ತು. ಅಲ್ಲಿಗೆ ಮತ್ತೆ ಹೋದ್ರೆ ಬೇರೆ ಸಂಖ್ಯೆ ಬರೀಬೇಕಿತ್ತು. ಕೈ ಬರಲಿಲ್ಲ."

"ಕೆಳಗಡೆ ಜನ ಅದನ್ನೇ ಕುಡೀತಾರೆ ಅಂತ ಗೊತ್ತಿತ್ತಾ?"

"ಗೊತ್ತಿತ್ತು. ಅಷ್ಟು ವರ್ಷ ಚೆನ್ನಾಗೇ ಇತ್ತಲ್ಲ, ಹಾಗೇ ಇರುತ್ತೆ ಅಂದ್ಕೊಂಡೆ."

4:20ಕ್ಕೆ ಬಂಧನ. ಗಣಿಯ ಕೊಳೆ ನೀರು ನಿಲ್ಲಿಸುವ ಹೊಂಡ ಏಳನೇ ಒರತೆಗೆ ಸೋರಲು ಬಿಟ್ಟ ಗಣಿಯವರೂ ಆರೋಪಿಗಳೇ. ಅವರ ವಕೀಲರು ಅಷ್ಟರಲ್ಲಾಗಲೇ ಜಾಮೀನಿಗೆ ಓಡಾಡುತ್ತಿದ್ದರು.

ಇವನ ಚೀಲದಲ್ಲಿ ಒಂದು ಹಳೇ ಸ್ಟಾಪ್‌ವಾಚ್ ಸಿಕ್ಕಿತು. ಮುಳ್ಳು ಮೂವತ್ತೆಂಟರ ಮೇಲೆ ನಿಂತಿತ್ತು. ವಶಪಡಿಸಿಕೊಂಡ ವಸ್ತು ಕೆಲಸ ಮಾಡುತ್ತದೆಯೇ ಎಂದು ಪಟ್ಟಿಯಲ್ಲಿ ಬರೆಯಬೇಕು. ಗಡಿಯಾರ ಗುಂಡಿಯ ಮೇಲೆ ಬೆರಳಿಟ್ಟರು, ತೆಗೆದರು, 'ಪರೀಕ್ಷಿಸಿಲ್ಲ' ಎಂದು ಬರೆದರು. ಮೊದಲ ಸಲ ಸಮಯ ಹಾಕುವುದನ್ನು ಮರೆತರು. ಮೇಡಂ ನೋಡಿಯೂ ನೋಡದಂತೆ ಸಹಿ ಮಾಡಿದರು.

ಸಂಜೆ ಅವರೇ ಆಸ್ಪತ್ರೆಗೆ ಹೋದರು. ಡಯಾಲಿಸಿಸ್ ಕೋಣೆಯ ಹೊರಗೆ ಟೈಲರ್ ಕೂತಿದ್ದ. ಯಾರು, ಯಾಕೆ ಎನ್ನುವುದೆಲ್ಲವನ್ನೂ ಹೇಳಿದರು. ಅವನು ಬಾಗಿಲನ್ನೇ ನೋಡುತ್ತಾ ಕೇಳಿಸಿಕೊಂಡ.

"ಅಣ್ಣ ಸತ್ತಿದ್ದು ಅವನಿಗೆ ಮರೆಯೋಕಾಗಲಿಲ್ಲ, ಸರಿ," ಎಂದ. "ನನ್ನ ಹೆಂಡತಿ ಬದುಕಿರೋದು ಅದು ಹೇಗೆ ಮೇಡಂ ಮರೆತುಹೋಯ್ತು?"

ಮೇಡಂ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಅವನ ಪಕ್ಕದಲ್ಲೇ ಕೂತರು. ಒಳಗೆ ಯಂತ್ರ ಓಡುತ್ತಿತ್ತು. ಇನ್ನೂ ಎರಡು ಗಂಟೆ ಆಗುತ್ತದೆ ಎಂದು ನರ್ಸ್ ಬಂದು ಹೇಳಿದಳು.