ಬುಡಕ್ಕೆ ಸುರಿದ ತರಗೆಲೆ

ಮಂಗಳವಾರ, ಹತ್ತನೇ ತಾರೀಖು, ಬೆಳಿಗ್ಗೆ 10.25ಕ್ಕೆ ಆ ಹೆಂಗಸು ಠಾಣೆಯ ಮೆಟ್ಟಿಲು ಹತ್ತಿದಳು. ಜೊತೆಗೆ ಅವಳ ಅಪ್ಪ. ಸಮಯ ಇಷ್ಟು ಕರಾರುವಾಕ್ಕಾಗಿ ಗೊತ್ತಿರುವುದು ಹೆಡ್ ಕಾನ್‌ಸ್ಟೆಬಲ್‌ನ ಕೃಪೆ. ಯಾರಾದರೂ ಸೀನಿದರೂ ನಿಮಿಷ ಬರೆದಿಡುವ ಆಸಾಮಿ ಅವನು. ಠಾಣೆಯಲ್ಲಿ ಎಲ್ಲರೂ ಅವನನ್ನು ಗಡಿಯಾರ ಎಂದೇ ಕರೆಯುತ್ತಿದ್ದರು.

ಹಿಂದಿನ ದಿನ 11.40ಕ್ಕೆ ಒಂದು ಶಾಲೆಯ ಆವರಣದಲ್ಲಿ ಮರ ಮುರಿದು ಅವಳ ಗಂಡ ಸತ್ತಿದ್ದ. ಮರ ಹತ್ತಿ ಕೊಂಬೆ ಇಳಿಸುವುದೇ ಅವನ ಕಸುಬು. ಅಸಹಜ ಸಾವು ಎಂದು ದಾಖಲಾಗಿತ್ತು. ಇನ್ಸ್‌ಪೆಕ್ಟರ್ ಅದನ್ನು ಮನಸ್ಸಿನಲ್ಲೇ ಮುಚ್ಚಿಯೂ ಆಗಿತ್ತು.

“ಅದು ಅಪಘಾತ ಅಲ್ಲ ಸರ್. ಯಾರೋ ಏನೋ ಮಾಡಿದ್ದಾರೆ,” ಎಂದಳು.

“ಯಾಕಮ್ಮ ಹಾಗಂತೀರಿ?”

“ಬುಡದಲ್ಲಿ ಅಣಬೆ ಎದ್ದ ಮರಾನ ಅವರು ಹತ್ತೋರೇ ಅಲ್ಲ. ನಿನ್ನೆ ಸಂಜೆ ನಾನೇ ಹೋಗಿ ನೋಡ್ದೆ. ಮರದ ಒಳಗೆಲ್ಲ ಬೆಳ್ಳಗೆ ಕೊಳೆತು ಪುಡಿ ಪುಡಿ. ಅಷ್ಟು ಕೊಳೆತ ಮರದ ಬುಡದಲ್ಲಿ ಒಂದು ಅಣಬೆಯೂ ಇಲ್ಲ ಅಂದ್ರೆ ಹೇಗೆ ಸರ್? ನಾನು ಮೇಸ್ತ್ರಿ ಮಗಳು. ಯಾರು ಅವರನ್ನ ಆ ಮರ ಹತ್ತಿಸಿದ್ರು ಅಂತ ನನಗೆ ಗೊತ್ತಾಗಬೇಕು.”

ಮೇಸ್ತ್ರಿ ಪಕ್ಕದಲ್ಲೇ ಕೂತಿದ್ದ. ಮರ ಕಡಿಯುವ ಆ ತಂಡಕ್ಕೆಲ್ಲ ಅವನೇ ಯಜಮಾನ, ಸತ್ತವನಿಗೆ ಕಸುಬು ಕಲಿಸಿದ ಗುರು, ಮೇಲಾಗಿ ಹೆಣ್ಣು ಕೊಟ್ಟ ಮಾವ. ಅವನು ಇನ್ಸ್‌ಪೆಕ್ಟರರ ಬಾಯಿಯನ್ನೇ ನೆಟ್ಟ ನೋಟದಿಂದ ನೋಡುತ್ತಿದ್ದ. ಪಾಪ, ಆಘಾತ ಎಂದುಕೊಂಡರು ಇನ್ಸ್‌ಪೆಕ್ಟರ್.

“ನೀವೇನಂತೀರಿ ಮೇಸ್ತ್ರಿ?”

“ಆ ಮರ ಪರೀಕ್ಷೆ ಮಾಡಿದ್ದು ನಾನೇ. ಗಟ್ಟಿ ಇತ್ತು. ಕೆದಕಿದ್ರೆ ಹೋದವನು ವಾಪಸ್ ಬರ್ತಾನಾ ಸರ್?”

ಮಗಳು ಪಟ್ಟು ಬಿಡಲಿಲ್ಲ. 11.10ಕ್ಕೆ ಎಫ್‌ಐಆರ್ ಆಯಿತು. ಆರೋಪಿ ಕಾಲಂನಲ್ಲಿ ‘ಅಪರಿಚಿತರು’ ಎಂದು ಗಡಿಯಾರ ಬರೆದ.

ಮಧ್ಯಾಹ್ನ ಸ್ಥಳ ಪಂಚನಾಮೆ. ಶಾಲೆಗೆ ರಜೆ ಕೊಟ್ಟಿದ್ದರು. ಖಾಲಿ ತರಗತಿಗಳ ಕಿಟಕಿಗಳೆಲ್ಲ ತೆರೆದೇ ಇದ್ದವು. ಮಕ್ಕಳು ಈಗಷ್ಟೇ ಎದ್ದು ಹೋದ ಹಾಗೆ ಬೆಂಚಿನ ಮೇಲೆ ಪುಸ್ತಕಗಳು ಬಿದ್ದಿದ್ದವು. ಮರ ಮೊಣಕಾಲೆತ್ತರದಲ್ಲಿ ಮುರಿದಿತ್ತು. ತೊಗಟೆ ಕಲ್ಲಿನಂತೆ ಗಟ್ಟಿ, ಒಳಗಿನ ತಿರುಳು ನೀರಲ್ಲಿ ನೆನೆದ ರಸ್ಕು. ಹೊರಗೆ ಥಳಕು, ಒಳಗೆ ಹುಳುಕು ಅಂತಾರಲ್ಲ, ಹಾಗೆ. ಮುರಿದ ಕೊಂಬೆಗೆ ಸಿಕ್ಕಿದ ಹಗ್ಗದ ತುದಿ ಗಾಳಿಗೆ ಕಾಂಡವನ್ನು ತಟ್ಟುತ್ತಿತ್ತು. ಟಕ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಕ್. ಇನ್ಸ್‌ಪೆಕ್ಟರಿಗೆ ಅದು ಸರಿಬರಲಿಲ್ಲ.

ಕೆಳಗೆ ನಿಂತು ಹಗ್ಗ ಹಿಡಿಯುವವನನ್ನು ಕರೆಸಿದ್ದರು.

“ಮರ ಹತ್ತೋ ಮುಂಚೆ ಏನೇನು ಮಾಡ್ತೀರಿ?”

“ಮೇಸ್ತ್ರಿ ಮರದ ಕೊಡತಿ ತಗೊಂಡು ಬುಡದಿಂದ ಎದೆಮಟ್ಟದವರೆಗೆ ಗೇಣು ಗೇಣಿಗೂ ಬಡಿದು ಕೇಳ್ತಾರೆ. ಸದ್ದು ಟೊಳ್ಳು ಬಂದ್ರೆ ಯಾರೂ ಹತ್ತೋ ಹಾಗಿಲ್ಲ. ತೊಟ್ಟಿಲು ಇರೋ ಕ್ರೇನ್ ತರಿಸಬೇಕು. ನಾವು ಸೊಂಟಾನ ಮರಕ್ಕೇ ಕಟ್ಕೊಂಡಿರ್ತೀವಲ್ಲ ಸರ್. ಮರ ಹೋದ್ರೆ ನಾವೂ ಹೋದ್ವಿ.”

“ಸೋಮವಾರ?”

“ಮೇಸ್ತ್ರಿ ಗುರುವಾರಾನೇ ಬಂದು ಬಡಿದು ನೋಡಿ ಗಟ್ಟಿ ಅಂದಿದ್ರು. ಆದ್ರೂ ತೀರಿಹೋದ ಅಣ್ಣ ಬುಡದಲ್ಲಿ ಕೂತು ಸುತ್ತ ನೋಡಿದ್ರು. ತರಗೆಲೆ ಇತ್ತು, ಕಾಲಲ್ಲಿ ಸರಿಸಿದ್ರು. ಬರೀ ಮಣ್ಣು. ಆಮೇಲೆ ಹತ್ತಿದ್ರು.”

ಗಡಿಯಾರ ಅದೇ ಜಾಗದ ಮಣ್ಣನ್ನು ಕೋಲಿನಿಂದ ಕೆರೆದ. ನಾಲ್ಕು ಬೆರಳು ಆಳದಲ್ಲಿ ಬೇರಿನ ಮೇಲೆ ಅಂಗೈ ಅಗಲದ ಗಾಯವೊಂದು ಕಂಡಿತು. ನುಣ್ಣಗೆ, ಹರಿತವಾದ ಗರಗಸದಲ್ಲಿ ಕೊಯ್ದ ಗಾಯ.

“ಅಯ್ಯೋ ಶಿವನೇ,” ಎಂದ ಹಗ್ಗದವನು. “ಇಲ್ಲಿದ್ದ ಅಣಬೇನ ಯಾರೋ ಕೊಯ್ದಿದ್ದಾರೆ ಸರ್.”

ಶಾಲೆಯ ಕಾವಲುಗಾರ ಕೇಳುವ ಮೊದಲೇ ಬಾಯಿ ಬಿಟ್ಟ. “ಗುರುವಾರ ಮೇಸ್ತ್ರಿ ಒಬ್ಬರೇ ಬಂದಿದ್ರು. ಬಡಿದರು. ಆಮೇಲೆ ಬುಡದಲ್ಲಿ ಕೂತು ಏನೋ ಕೊಯ್ತಿದ್ರು. ಹಿಂದೆ ನಿಂತು ಚಹಾ ಬೇಕಾ ಅಂತ ಮೂರು ಸಲ ಕೇಳ್ದೆ, ತಿರುಗಿ ಸಹ ನೋಡಲಿಲ್ಲ. ಎಂಥ ಜಂಬ! ಹೋಗ್ತಾ ಮರದ ಬುಡಕ್ಕೆ ಮಣ್ಣೆಳೆದು, ಮೇಲೆ ತರಗೆಲೆ ಬೇರೆ ಸುರಿದು ಹೋದ್ರು. ಅಂಗಳ ಗುಡಿಸೋನು ನಾನು, ಅವರು ಎಲೆ ತಂದು ಸುರೀತಾರೆ!”

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಆ ಹೆಣ್ಣುಮಗಳ ಮುಖ ಇನ್ಸ್‌ಪೆಕ್ಟರರ ಕಣ್ಣೆದುರು ಬಂತು. ಅವಳು ಕೇಳಿದ ಪ್ರಶ್ನೆಗೆ ಉತ್ತರ, ದೂರು ಕೊಡುವಾಗ ಅವಳ ಪಕ್ಕದಲ್ಲೇ ಕೂತಿತ್ತು.

ಬುಧವಾರ ಬೆಳಿಗ್ಗೆ 9.30ಕ್ಕೆ ಮೇಸ್ತ್ರಿಯ ಕೆಲಸದ ಕೊಠಡಿ ಶೋಧನೆಯಾಯಿತು. ಹಗ್ಗಗಳನ್ನು ಸುರುಳಿ ಸುತ್ತಿ ಗೋಡೆಗೆ ನೇತುಹಾಕಿದ್ದರು, ಒಂದೊಂದಕ್ಕೂ ಕೊಂಡ ತಾರೀಖಿನ ಚೀಟಿ. ಅಷ್ಟು ಅಚ್ಚುಕಟ್ಟಿನ ಮನುಷ್ಯ. ಚೀಲದ ತಳದಲ್ಲಿ ಬಟ್ಟೆಯಲ್ಲಿ ಸುತ್ತಿದ ಕಂದು ಬಣ್ಣದ ಅಣಬೆ ಸಿಕ್ಕಿತು, ಮರದ ತುಂಡಿನಷ್ಟೇ ಗಟ್ಟಿ. ಅದನ್ನು ಎಸೆಯಲು ಅವನಿಗೆ ಕೈ ಬಂದಿರಲಿಲ್ಲ. ಕೊಡತಿಯನ್ನೂ ಜಪ್ತಿ ಮಾಡಿದರು. ಸಸ್ಯರೋಗದ ತಜ್ಞೆ ಅಣಬೆಯನ್ನು ಬೇರಿನ ಗಾಯಕ್ಕೆ ಹಿಡಿದು ನೋಡಿದರು. ಎರಡೂ ಒಂದಕ್ಕೊಂದು ಕಚ್ಚಿ ಕೂತವು.

ಆ ಸಂಜೆ ಮನೆಯಲ್ಲಿ ಇನ್ಸ್‌ಪೆಕ್ಟರ್ ತಮಗೇ ಅರಿವಿಲ್ಲದೆ ಬಾಗಿಲಿನ ಚೌಕಟ್ಟು ತಟ್ಟಿ ನೋಡುತ್ತಿದ್ದರು.

“ಒಳಗೇ ಇದ್ದೀರಲ್ಲ, ಬಾಗಿಲು ಯಾರಿಗೆ ತಟ್ತೀರಿ?” ಎಂದಳು ಹೆಂಡತಿ.

ಅವರಿಗೆ ನಗು ಬರಲಿಲ್ಲ. ಎಲ್ಲಿ ತಟ್ಟಿದರೂ ಒಳಗಿನಿಂದ ಯಾರೋ ತಿರುಗಿ ತಟ್ಟಿದ ಹಾಗಾಗುತ್ತಿತ್ತು.

ಗುರುವಾರ ಮಧ್ಯಾಹ್ನ 3.15ಕ್ಕೆ ಮೇಸ್ತ್ರಿಯನ್ನು ಕರೆಸಿ ಕಿಟಕಿಯ ಕಡೆ ಮುಖ ಮಾಡಿ ಕೂರಿಸಿದರು. ಮಗಳು ಬಾಗಿಲ ಬಳಿ ನಿಂತಿದ್ದಳು. ಇನ್ಸ್‌ಪೆಕ್ಟರ್ ಅವನ ಬೆನ್ನ ಹಿಂದೆ ಹೋಗಿ, ಜೋರಾಗಿಯೇ ಅಂದರು:

“ಮೇಸ್ತ್ರಿ, ನಿಮ್ಮ ಕುರ್ಚಿ ಕೆಳಗೆ ಹಾವಿದೆ.”

ಗಡಿಯಾರ ಹೌಹಾರಿ ಮೇಜು ಹತ್ತುವುದೊಂದು ಬಾಕಿ. ಮೇಸ್ತ್ರಿ ಕಿಟಕಿಯಾಚೆ ನೋಡುತ್ತಲೇ ಇದ್ದ. ಮಗಳ ಮುಖದಲ್ಲಿ ದುಃಖವಿತ್ತು, ಆಶ್ಚರ್ಯವಿರಲಿಲ್ಲ. ಇನ್ಸ್‌ಪೆಕ್ಟರಿಗೆ ತಮ್ಮ ಆಟದ ಬಗ್ಗೆ ನಾಚಿಕೆಯಾಯಿತು. ಮುಂದೆ ಬಂದು ಕೂತು, ಮೇಜಿನ ಮೇಲೆ ಅಣಬೆ ಇಟ್ಟರು.

“ಎಷ್ಟು ದಿನದಿಂದ ಕಿವಿ ಕೇಳಿಸ್ತಿಲ್ಲ?”

ಮೇಸ್ತ್ರಿ ಅವರ ತುಟಿ ನೋಡಿದ, ಅಣಬೆ ನೋಡಿದ. “ಎರಡು ವರ್ಷ.”

“ಯಾರಿಗೂ ಹೇಳಲಿಲ್ಲ?”

“ಏನಂತ ಹೇಳಲಿ ಸರ್? ನಲವತ್ತು ವರ್ಷ ಇದೇ ಕಿವಿ ನಂಬಿ ಜನ ಮರ ಹತ್ತಿದ್ರು, ಇಳಿದ್ರು. ಕಿವಿ ಹೋಯ್ತು ಅಂದ್ಮೇಲೆ ನಾನ್ಯಾರು? ಹೋದ ಗುರುವಾರ ಬಡಿದೆ, ಕೈಗೆ ಗಟ್ಟಿ ಅನ್ನಿಸ್ತು. ಬಗ್ಗಿ ನೋಡಿದ್ರೆ ಇದು. ಇದನ್ನ ಬಿಟ್ಟು ಬಂದಿದ್ರೆ ಅಳಿಯ ಕೇಳ್ತಿದ್ದ, ಮಾವ, ಟೊಳ್ಳು ನಿಮಗೆ ಕೇಳಿಸಲಿಲ್ವಾ ಅಂತ.”

“ಏನೋ ನೆಪ ಹೇಳಿ ಕ್ರೇನ್ ತರಿಸಬಹುದಿತ್ತಲ್ಲ?”

“ನಾನು ಎದ್ದು ನಿಲ್ಲೋ ಮೊದಲೇ ಜೇಬಲ್ಲಿ ಫೋನ್ ಅದುರ್ತು, ಅಳಿಯಂದು. ಮುಖ ಕಾಣೋ ಫೋನು. ಹೇಗಿದೆ ಮಾವ ಅಂದ. ಗಟ್ಟಿ ಅಂದ್ಬಿಟ್ಟೆ. ಅಂದ ಮಾತು ಅಂದ ಹಾಗೇ ಉಳೀಲಿ ಅಂತ ಕೊಯ್ದೆ.”

“ಅಣಬೆ ಕಿತ್ತರೆ ಒಳಗಿನ ಕೊಳೆ ಹೋಗುತ್ತಾ?”

“ಹೋಗಲ್ಲ. ಹೊರಗೆ ಕಾಣೋದು ಬರೀ ಕಾಯಿ, ಅದರ ಗಿಡ ಮರದ ಒಳಗಿರುತ್ತೆ. ಅವನಿಗೆ ಮೊದಲ ದಿನ ಕಲಿಸಿದ ಪಾಠವೇ ಅದು. ಒಂದು ದಿನದ ಕೆಲಸ, ಅಷ್ಟು ಹೊತ್ತು ಮರ ನಿಲ್ಲುತ್ತೆ ಅಂದ್ಕೊಂಡೆ. ಸೋಮವಾರದಿಂದ ಕೇಳಿಸ್ತಿದೆ ಸರ್. ಗೋಡೆ ಮುಟ್ಟಿದ್ರೆ ಟೊಳ್ಳು, ನೆಲ ಮೆಟ್ಟಿದ್ರೆ ಟೊಳ್ಳು. ಮಾತು ಕೇಳಿಸಲ್ಲ, ಅದೊಂದು ಕೇಳಿಸುತ್ತೆ.”

4.10ಕ್ಕೆ ಬಂಧನ. ಅಪಾಯ ಗೊತ್ತಿದ್ದೂ ಮುಚ್ಚಿಟ್ಟು ಸಾವಿಗೆ ಕಾರಣನಾದ ಆರೋಪ. ಕೇಸ್ ಡೈರಿಯಲ್ಲಿ ಉದ್ದೇಶ ಎಂಬಲ್ಲಿ ಇನ್ಸ್‌ಪೆಕ್ಟರ್ ಬಹಳ ಹೊತ್ತು ಪೆನ್ನು ಹಿಡಿದು ಕೂತು, ‘ದ್ವೇಷವಿಲ್ಲ. ಕಸುಬು ಕೈತಪ್ಪುವ ಭಯ’ ಎಂದು ಬರೆದರು.

ಹೊರಗೆ ಮಗಳು ಗೋಡೆಗೊರಗಿ ನಿಂತಿದ್ದಳು.

“ನಿಮಗೆ ಅವರ ಕಿವಿ ವಿಷಯ ಗೊತ್ತಿತ್ತು,” ಎಂದರು ಇನ್ಸ್‌ಪೆಕ್ಟರ್.

“ಗೊತ್ತಿತ್ತು. ಅಣಬೆ ಅಪ್ಪ ಕೊಯ್ದಿದ್ದು ಅಂತ ಗೊತ್ತಿರಲಿಲ್ಲ.”

ಮೇಸ್ತ್ರಿಯನ್ನು ಜೀಪಿನ ಕಡೆ ಕರೆದೊಯ್ಯುತ್ತಿದ್ದರು. ಅವಳು ಓಡಿಹೋಗಿ ಅಡ್ಡ ನಿಂತು, ತುಟಿ ಕಾಣುವ ಹಾಗೆ ಒಂದೊಂದೇ ಮಾತು ಬಿಡಿಸಿ ಹೇಳಿದಳು:

“ಅಪ್ಪಾ, ನಿನಗೆ ಕೇಳಿಸಲ್ಲ ಅಂತ ನಮ್ಮನೆಯವರಿಗೆ ಗೊತ್ತಿತ್ತು.”

ಮೇಸ್ತ್ರಿ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡ. ಅವನಿಗೆ ಕಿವಿ ಮುಚ್ಚಿಕೊಳ್ಳುವ ದಾರಿ ಅದೊಂದೇ. ಗಡಿಯಾರ ತೋಳು ಹಿಡಿದು ಮುಂದಕ್ಕೆ ಎಳೆಯಹೋದ. ಇನ್ಸ್‌ಪೆಕ್ಟರ್ ಬೇಡ ಎಂದು ಕೈಸನ್ನೆ ಮಾಡಿದರು. ಅವಳು ಕಾದಳು. ಕೊನೆಗೆ ಅವನೇ ಕಣ್ಣು ತೆರೆದ.

“ನಿನ್ನ ಮರ್ಯಾದೆ ಹೋಗಬಾರದು ಅಂತ ಯಾರಿಗೂ ಹೇಳಲಿಲ್ಲ,” ಎಂದಳು. “ಒಂದು ವರ್ಷದಿಂದ ಅವರು ಮರ ಹತ್ತುತ್ತಿದ್ದದ್ದು ನಿನ್ನ ಕೊಡತಿ ನಂಬಿ ಅಲ್ಲ. ಬುಡದಲ್ಲಿ ಅಣಬೆ ಇದೆಯಾ ಅಂತ ನೋಡ್ಕೊಂಡೇ ಹತ್ತುತ್ತಿದ್ರು.”