ಹನ್ನೊಂದು ತಂತಿ ಉಳಿದ ಗಿಟಾರ್

ಸ್ವಲ್ಪ ನಿಲ್ಲಿ, ಇದನ್ನು ಪೂರ್ತಿ ಕೇಳಿಯೇ ಹೋಗಿ! ಕೊಚ್ಚಿಯ ಪಾಲಾರಿವಟ್ಟಂನ ಆ ರಿಹರ್ಸಲ್ ಕೋಣೆಗೆ ಕಿಟಕಿ ಇರಲಿಲ್ಲ, ಎ.ಸಿ. ಕೆಟ್ಟಿತ್ತು. ಬಾಗಿಲಿಗೆ ಒಳಗಿನಿಂದ ಬೀಗ. ಕೀಲಿ ಹೃಷಿಕೇಶನ ಜೇಬಿನಲ್ಲಿ. ನೆಲದ ಮೇಲೆ ಅವನ ಹನ್ನೆರಡು ತಂತಿಯ ಗಿಟಾರ್ ಬಿದ್ದಿತ್ತು. ತಂತಿಗಳ ಬುಡ ಹಿಡಿದಿಡುವ ಮರದ ಬ್ರಿಡ್ಜ್ ಕಿತ್ತು ಬಂದು ತಂತಿಯೆಲ್ಲ ಗೋಜಲಾಗಿತ್ತು, ಒಂದು ತುಂಡಾಗಿತ್ತು.

"ಒಪ್ಪಿಕೊಳ್ಳೋವರೆಗೂ ಯಾರನ್ನೂ ಬಿಡಲ್ಲ" ಎಂದ ಹೃಷಿಕೇಶ್. ತಂಡದ ಯಜಮಾನ ಅವನೇ. "ನಾನು ತಿರುವನಂತಪುರದಿಂದ ಈಗ ತಾನೇ ಇಳಿದು ಬಂದೆ. ಬಂದು ನೋಡಿದ್ರೆ ಈ ಗತಿ! ಅಲ್ಲ ಗ್ರೀಷ್ಮಾ, ಆ ಸಣ್ಣ ತಂತಿ ಪಟ್ಟಂತ ಹೋದಾಗಲಾದ್ರೂ ತಿರುಗಿಸೋದು ನಿಲ್ಲಿಸಬಾರದಿತ್ತಾ?"

"ಚೇಟ್ಟಾ, ಅಣ್ಣಾ, ಸತ್ಯವಾಗಿ ನಾನಲ್ಲ" ಎಂದಳು ಕೊಚ್ಚಿಯಲ್ಲೇ ಬೆಳೆದ ಗ್ರೀಷ್ಮಾ. ಗಿಟಾರ್ ಮುರಿದವಳು ಅವಳೇ, ಇನ್ನು ತಂಡದಲ್ಲಿಲ್ಲ ಎಂದು ಅವನಾಗಲೇ ವಾಟ್ಸಾಪ್ ಗ್ರೂಪಿಗೆ ಹಾಕಿದ್ದ. ಸಂಜೆ ಫೋರ್ಟ್ ಕೊಚ್ಚಿಯಲ್ಲಿ ಅದೇ ಗಿಟಾರ್ ನುಡಿಸಿ ಅವಳು ಕೊಡಬೇಕಿದ್ದ ಮೊದಲ ಕಾರ್ಯಕ್ರಮವಿತ್ತು.

ಅವಳು ಫೋನ್ ಮಾಡಿ ಕರೆಸಿದ್ದು ಅದೇ ಕಟ್ಟಡದ ಮೇಲಿನ ಮಹಡಿಯ ಮಂದಾಕಿನಿ ಆಂಟಿಯನ್ನು. ಮೈಸೂರಿನವರು, ತುಂಬಾದ ರಾಕೆಟ್ ಕೇಂದ್ರದಲ್ಲಿ ಲೋಹಗಳ ತಾಳಿಕೆ ಪರೀಕ್ಷಿಸಿ ನಿವೃತ್ತರಾದವರು. ಅವರ ಪತ್ತೇದಾರಿಕೆಗೆಲ್ಲ ಬಾಲ ನಾನು, ಸಂದೀಪ. ನಾವು ಒಳಬಂದದ್ದೇ ತಡ, ಹೃಷಿಕೇಶ್ ಮತ್ತೆ ಬೀಗ ಹಾಕಿ ನಮ್ಮೆದುರೇ ಹಾಗೆ ಗುಡುಗಿದ್ದ.

ಆಂಟಿ ತಂತಿ ಮುಟ್ಟಿ ನೋಡಿದರು. "ಇಷ್ಟು ದಪ್ಪದ್ದು ಯಾಕೆ ಹಾಕಿದೆ ಮರಿ?"

"ಅದ್ವೈತನ ಗಂಟಲಿಗೋಸ್ಕರ ಹೋದ ವಾರ ಶ್ರುತಿ ಎರಡು ಸ್ವರಸ್ಥಾನ ಇಳಿಸಿದ್ವಿ. ಸಣ್ಣ ತಂತಿ ಆದ್ರೆ ಸಡಿಲಾಗಿ ಗರಗರ ಅನ್ನತ್ತೆ" ಎಂದಳು ಗ್ರೀಷ್ಮಾ.

"ಹೌದು ಆಂಟಿ, ಕೇಳಿದ್ದು ನಾನೇ" ಎಂದ ಹಾಡುಗಾರ ಅದ್ವೈತ್, ಬೆವರು ಒರೆಸಿಕೊಳ್ಳುತ್ತ. "ಹೃಷಿ ಆಗ ಊರಲ್ಲಿರಲಿಲ್ಲ."

ಆಂಟಿ ಎಲ್ಲರನ್ನೂ ಸುತ್ತ ಕೂರಿಸಿದರು.

"ದಪ್ಪ ತಂತೀನ ಇಳಿಸಿದ ಶ್ರುತಿಯಲ್ಲಿಟ್ರೆ ಮರ ತಾಳತ್ತೆ. ಮಾಮೂಲಿ ಶ್ರುತಿಗೆ ಏರಿಸಿದ್ರೆ ಹನ್ನೆರಡೂ ಸೇರಿ ಬ್ರಿಡ್ಜ್ ಕೀಳತ್ತೆ. ಇಳಿಸಿರೋದು ಗೊತ್ತಿದ್ದ ಇವರಿಬ್ಬರೂ ಏರಿಸಲ್ಲ. ಗೊತ್ತಿಲ್ಲದೋರು ಮೀಟಿ ನೋಡಿ, 'ಅಯ್ಯೋ, ಶ್ರುತಿ ಬಿದ್ದುಹೋಗಿದೆ' ಅಂತ ಫೋನಿನ ಶ್ರುತಿ ಆ್ಯಪ್ ನೋಡ್ಕೊಂಡು ಸರಿಮಾಡ್ತಾರೆ."

"ಅದು ಬರೀ ಊಹೆ!"

"ಇರಬಹುದು ಹೃಷಿಕೇಶ್. ಆದ್ರೆ ಬ್ರಿಡ್ಜ್ ಕಿತ್ತುಬಂದ ರಭಸಕ್ಕೂ ತಂತಿ ತುಂಡಾಗಬಹುದು. ಯಾವುದು ಮೊದಲು ಅಂತ ಈ ಗೋಜಲು ನೋಡಿ ನನಗೇ ಹೇಳೋಕಾಗಲ್ಲ. ತಂತಿ ಹೋದಮೇಲೂ ತಿರುಗಿಸ್ತಾ ಇದ್ರು ಅನ್ನೋದು, ಈಗ ತಾನೇ ಬಂದ ನಿಮಗೆ ಹೇಗಪ್ಪ ಗೊತ್ತಾಯ್ತು?"

ಹೃಷಿಕೇಶ್ ಗೋಡೆಗೊರಗಿದ. "ನಿನ್ನೆ ಸಂಜೇನೇ ಬಂದಿದ್ದೆ" ಎಂದ. "ಸರಿಮಾಡೋಣ ಅಂತ... ಇದು ಹೊರಗೆ ಗೊತ್ತಾದ್ರೆ ನನ್ನ ಜೊತೆ ಯಾರು ನುಡಿಸ್ತಾರೆ? ಇಲ್ಲೇ ಮುಗಿಸಿಬಿಡೋಣ. ಯಾರೂ ಬಾಯಿ ಬಿಡಲ್ಲ ಅಂದ್ರೆ ಈಗಲೇ ಬಾಗಿಲು ತೆಗೀತೀನಿ. ಬೇರೆ ಗಿಟಾರ್ ತರಿಸ್ತೀನಿ, ಗ್ರೀಷ್ಮಾ ನುಡಿಸಲಿ."

"ಗ್ರೂಪಲ್ಲಿ ಹಾಕಿದ್ದು?" ಗ್ರೀಷ್ಮಾ ಕೇಳಿದಳು.

"ನಾಲ್ಕು ದಿನಕ್ಕೆ ಎಲ್ಲರೂ ಮರೀತಾರೆ."

ಅದ್ವೈತ್ ಆಗಲೇ ಎದ್ದು ಬಾಗಿಲ ಬಳಿ ನಿಂತಿದ್ದ. ಈಗ ಹೊರಟರೆ ಸಂಜೆಯೊಳಗೆ ಫೋರ್ಟ್ ಕೊಚ್ಚಿ ತಲುಪಬಹುದಿತ್ತು. ಗ್ರೀಷ್ಮಾ ಮಾತ್ರ ಅಲುಗಲಿಲ್ಲ.

"ಮೊದಲು ಗ್ರೂಪಲ್ಲಿ ಬರೀರಿ ಚೇಟ್ಟಾ. ಆಮೇಲೆ ಬಾಗಿಲು."

ಅವನು ಬರೆಯಲಿಲ್ಲ. ಕೀಲಿ ತಿರುಗಿಸಿ ಬಾಗಿಲನ್ನು ಅರ್ಧ ತೆರೆದು ಹಿಡಿದು, ದಾಟಿದವರು ಬಾಯಿ ಬಿಡುವಂತಿಲ್ಲ ಎಂಬಂತೆ ನಮ್ಮೆಲ್ಲರ ಮುಖ ನೋಡಿದ. ತಣ್ಣನೆಯ ಗಾಳಿ ಒಳನುಗ್ಗಿತು. ಆಂಟಿ ಗ್ರೀಷ್ಮಾಳ ಪಕ್ಕದಲ್ಲೇ ಕಾಲು ಚಾಚಿ ಕೂತರು. ನಾನೂ ಕೂತೆ. ಆದರೆ ಸಂಜೆ ನುಡಿಸಬೇಕಾದವನು ನಾನಲ್ಲವಲ್ಲ! ಗ್ರೀಷ್ಮಾಳ ಜಾಗದಲ್ಲಿ ನೀವಿದ್ದಿದ್ದರೆ ಆ ಬಾಗಿಲು ದಾಟುತ್ತಿದ್ದಿರಾ, ಅಲ್ಲೇ ಕೂತಿರುತ್ತಿದ್ದಿರಾ?