ರೆಬೊಯ್ರಾಸ್ ಹಾಕಿದ ಆಕ್ಷೇಪಣೆ

ಈ ಕತೆಯನ್ನು ಮೊದಲು ಹೇಳಿದವನು ಫಿಜ್ ಲೊರೆಡಾ. ಸ್ಪೇನಿನ ಗಲೀಸಿಯಾ ಕರಾವಳಿಯ ಬಾರೊಸ್ ಊರಿನಲ್ಲಿ, ಒಬ್ದುಲಿಯಾಳ ವೈನಂಗಡಿಯಲ್ಲಿ, ೨೦೦೮ರ ನವೆಂಬರಿನ ಒಂದು ಸಂಜೆ ಹೇಳಿದ್ದು. ಫಿಜ್ ಹಿಂದೆ ಕಳ್ಳಸಾಗಣೆ ಹಿಡಿಯುವ ಪೊಲೀಸನಾಗಿದ್ದ. ಆಮೇಲೆ ಬಾಡಿಗೆ ಪತ್ತೇದಾರ. ಅವನ ಮಾತು ಹೀಗಿತ್ತು:

ನನ್ನ ತಲೆ ಬಂದರಿನ ಧಕ್ಕೆಯ ಅಂಚಿನಿಂದ ಕೆಳಗೆ ತೂಗುತ್ತಿತ್ತು.

ಕೆಳಗೆ ಇಳಿತದ ನೀರು... ಚೂಪು ಬಂಡೆಗಳು.

ಕಾಲು ಹಿಡಿದಿದ್ದವರು ಇಬ್ಬರು ಆಳುಗಳು. ಮಾತಾಡುತ್ತಿದ್ದವನು ಅಮಾನ್ಸಿಯೊ ರೆಬೊಯ್ರಾಸ್, ಮೀನಿನ ಡಬ್ಬಿ ಕಾರ್ಖಾನೆಯ ಧಣಿ.

"ಆ ಮುದುಕಿಗೆ ಏನು ಹೇಳ್ತೀಯ, ಫಿಜ್?"

"ನಿನ್ನ ಶೂ ಪಾಲಿಶ್ ಚೆನ್ನಾಗಿದೆ ಅಂತ. ಇಲ್ಲಿಂದ ಅಷ್ಟೇ ಕಾಣ್ತಿರೋದು."

ಅವರು ನನ್ನನ್ನು ಇನ್ನೊಂದು ಗೇಣು ಕೆಳಗಿಳಿಸಿದರು.

ಮುದುಕಿ ಅಂದರೆ ನನ್ನನ್ನು ಕೆಲಸಕ್ಕೆ ಹಿಡಿದ ಡೊರಿಂಡಾ, ನಿಮಗೆ ಗೊತ್ತಿರುವವಳೇ. ೧೯೩೭ರಲ್ಲಿ ಸೇನಾ ನ್ಯಾಯಾಲಯ ಅವಳ ತಂದೆ ಎಲಾದಿಯೊನನ್ನು ಒಂದೇ ಬೆಳಗಿನಲ್ಲಿ ವಿಚಾರಿಸಿ ಗುಂಡಿಕ್ಕಿ ಕೊಲ್ಲಿಸಿತು. ಎಲ್ಲಿ ಹೂತರೆಂಬುದು ಆ ಮೊಕದ್ದಮೆಯ ಕಡತದಲ್ಲಿ ಮಾತ್ರ ಉಂಟು. ಕಡತ ನೌಕಾಪಡೆಯ ದಾಖಲೆ ಕೋಣೆಯಲ್ಲಿ. ನೋಡುವ ಹಕ್ಕು ರಕ್ತಸಂಬಂಧಿಗಳಿಗೆ ಮಾತ್ರ.

ಡೊರಿಂಡಾಳ ತಂದೆತಾಯಿ ಚರ್ಚಿನಲ್ಲಿ ಮದುವೆಯಾದವರಲ್ಲ, ಪುರಭವನದಲ್ಲಿ. ಅಂತರ್ಯುದ್ಧ ಗೆದ್ದವರು ಅಂಥ ಮದುವೆಗಳನ್ನೆಲ್ಲ ರದ್ದು ಮಾಡಿದರು. ಅವಳ ಕಾಗದದಲ್ಲಿ 'ತಂದೆ: ಗೊತ್ತಿಲ್ಲ' ಎಂದಾಯಿತು. ತಂದೆಯೇ ಇಲ್ಲದವಳಿಗೆ ತಂದೆಯ ಕಡತ ಎಲ್ಲಿಂದ ಬರಬೇಕು?

ಊರಿನಲ್ಲಿ ಎರಡು ಗುಸುಗುಸು ಇದ್ದವು. ಹೆಣ ಇರುವುದು ರೆಬೊಯ್ರಾಸನ ಕಾರ್ಖಾನೆಯ ಹಿಂದಿನ ಬಯಲಿನಲ್ಲಿ. ಎಲಾದಿಯೊನ ಮೇಲೆ ಸೇನೆಗೆ ದೂರು ಕೊಟ್ಟವನು ರೆಬೊಯ್ರಾಸನ ಅಜ್ಜ. ಬರುವ ಸೋಮವಾರ ಆ ಬಯಲಿಗೆ ಕಾಂಕ್ರೀಟ್ ಬೀಳಲಿತ್ತು. ಬಿದ್ದ ಮೇಲೆ ಕಡತ ಸಿಕ್ಕರೂ ಒಂದೇ, ಸಿಗದಿದ್ದರೂ ಒಂದೇ.

"ನನ್ನ ಬೀಳಿಸಿದ್ರೆ ಅವಳು ಇನ್ನೊಬ್ಬನ್ನ ಹಿಡೀತಾಳೆ, ಅಮಾನ್ಸಿಯೊ. ಅವಳ ಅರ್ಜಿಗೆ ಆಕ್ಷೇಪಣೆ ಹಾಕೋದಲ್ವಾ? ನಿನ್ನ ವಕೀಲ ಏನು ಮೀನು ಹೆಚ್ತಾನಾ?"

"ಎಂಥ ಆಕ್ಷೇಪಣೆ?"

"ನಮ್ಮ ಮನೆತನದ ಮರ್ಯಾದೆ ಪ್ರಶ್ನೆ, ಕಡತ ತೆಗೀಬೇಡಿ ಅಂತ. ಸಹಿ ಹಾಕಬೇಕಾಗತ್ತೆ. ಧೈರ್ಯ ಇದೆ ತಾನೆ?"

ಧೈರ್ಯದ ಮಾತು ಎತ್ತಿದರೆ ಆ ಮನೆಯವರಿಗೆ ಬುದ್ಧಿ ನಿಲ್ಲುವುದಿಲ್ಲ. ನನ್ನನ್ನು ಮೇಲೆಳೆದರು. ಅವನು ಅಂದೇ ಸಹಿ ಹಾಕಿದ.

ಒಂದು ವಿಷಯ ಅವನಿಗೆ ಗೊತ್ತಿರಲಿಲ್ಲ. ಆ ದಾಖಲೆ ಕೋಣೆಯದು ಸೇನಾ ನ್ಯಾಯಾಲಯದ ಹಳೆಯ ಪದ್ಧತಿ. ಯಾರೂ ತಕರಾರು ಎತ್ತದಿದ್ದರೆ ಕಡತ ಮಲಗಿರುತ್ತದೆ. ಎತ್ತಿದರೆ ಅದು ವಿಚಾರಣೆ. ಎರಡೂ ಕಡೆಯವರು ಎದ್ದು ನಿಲ್ಲಬೇಕು, ಬಾಗಿಲು ತೆರೆದಿರಬೇಕು, ತಕರಾರಿನ ಕಡತವನ್ನು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಬೇಕು.

ಶುಕ್ರವಾರ ದಾಖಲೆ ಕೋಣೆಯ ಕ್ಯಾಪ್ಟನ್ ಕಡತ ಓದಿದ.

"ದೂರು ಕೊಟ್ಟವನು..."

ರೆಬೊಯ್ರಾಸ್ ಕಣ್ಣು ಮುಚ್ಚಿಕೊಂಡ. ಹೆಸರು ಬಂತು. ಅವನ ಅಜ್ಜನದಲ್ಲ! ಅವನು ನಕ್ಕುಬಿಟ್ಟ. ಎದೆಯ ಮೇಲೆ ಶಿಲುಬೆಯ ಗುರುತು ಎಳೆದುಕೊಂಡ.

ಕ್ಯಾಪ್ಟನ್ ಓದುತ್ತಲೇ ಇದ್ದ. "ಹೂತ ಸ್ಥಳ: ಮೀನಿನ ಕಾರ್ಖಾನೆಯ ಹಿಂದೆ, ಬಾವಿಯ ಉತ್ತರಕ್ಕೆ."

ನಗು ನಿಂತಿತು.

"ಕ್ಯಾಪ್ಟನ್, ನನ್ನ ಆಕ್ಷೇಪಣೆ ವಾಪಸ್ ತಗೋತೀನಿ."

"ಓದಿ ಆಯ್ತಲ್ಲ, ಸ್ವಾಮಿ."

ಡೊರಿಂಡಾ ತಲೆವಸ್ತ್ರ ಸರಿಮಾಡಿಕೊಂಡಳು. "ನಮ್ಮಪ್ಪ ಇಷ್ಟು ವರ್ಷ ನಿನ್ನ ಹಿತ್ತಲಲ್ಲೇ ಇದ್ದನಾ, ಅಮಾನ್ಸಿಯೊ? ಸೋಮವಾರ ಕರ್ಕೊಂಡು ಹೋಗೋಕೆ ಬರ್ತೀನಿ. ಗೇಟು ತೆಗೆಸಿಡು."

ಸೋಮವಾರ ಕಾಂಕ್ರೀಟಿನ ಲಾರಿ ಬರಲಿಲ್ಲ. ಗುದ್ದಲಿಗಳು ಬಂದವು. ಎಲಾದಿಯೊ ಈಗ ಹೆಂಡತಿಯ ಪಕ್ಕದಲ್ಲಿ ಮಲಗಿದ್ದಾನೆ.

ಫಿಜ್ ಇಲ್ಲಿಗೆ ಮಾತು ನಿಲ್ಲಿಸಿದ. ಗಲ್ಲಾದ ಹಿಂದಿನಿಂದ ಒಬ್ದುಲಿಯಾ ಕೇಳಿದಳು:

"ಹಾಗಾದ್ರೆ ದೂರು ಕೊಟ್ಟವನು ಯಾರಪ್ಪ?"

"ನಮ್ಮೂರವನೇ. ಮೊಮ್ಮಕ್ಕಳು ಇವತ್ತಿಗೂ ನಿನ್ನ ಅಂಗಡೀಲೇ ಕುಡೀತಾರೆ."

"ಹೆಸರು ಹೇಳು."

"ನಾನ್ಯಾಕೆ ಹೇಳಲಿ? ಬಾಗಿಲು ತೆರೆದು ಓದಿದ ಕಡತ. ಇನ್ನು ಯಾರು ಬೇಕಾದ್ರೂ ಹೋಗಿ ನೋಡಬಹುದು. ಬೆಳಿಗ್ಗೆ ಒಂಬತ್ತಕ್ಕೆ ತೆಗೀತಾರೆ."

ಕೂತವರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಕೋಟು ಹಾಕಿಕೊಂಡರು, ಒಬ್ಬೊಬ್ಬರಾಗಿ ಎದ್ದು ಮನೆಗೆ ಹೋದರು.

ದಾಖಲೆ ಕೋಣೆ ಎಲ್ಲಿದೆಯೆಂದು ಮಾತ್ರ ಯಾರೂ ಕೇಳಲಿಲ್ಲ.